ಕ್ಯಾಂಪರ್‌ವ್ಯಾನ್ ಕೊಳ್ಳೋ ಮುಂಚೆ ರಾತ್ರಿಗಳನ್ನ ಎಣಿಸಿ

ಯೂಟ್ಯೂಬ್‌ನಲ್ಲಿ ಕ್ಯಾಂಪರ್‌ವ್ಯಾನ್ ವಿಡಿಯೋ ನೋಡಿ ‘ನಾವೂ ಒಂದು ತಗೊಂಡ್ರೆ ಹೇಗೆ?’ ಅಂತ ಅನ್ನಿಸದ ಐಟಿ ಮಂದಿ ಕಡಿಮೆ. ಒಳಗೇ ಹಾಸಿಗೆ, ಪುಟ್ಟ ಅಡುಗೆಮನೆ, ಟಾಯ್ಲೆಟ್. ಹೋಟೆಲ್ ಬುಕಿಂಗ್ ಇಲ್ಲ, ಚೆಕ್‌ಔಟ್ ಟೈಮ್ ಇಲ್ಲ. ಎರಡು ತಿಂಗಳಿಂದ ನಮ್ಮ ಮನೆಯಲ್ಲೂ ಇದೇ ಚರ್ಚೆ. ಲೆಕ್ಕ ಹಾಕಿ ಮುಗಿಸಿದ್ದೀನಿ, ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು, ವ್ಯಾನ್ ಯಾಕೆ ಬೇಕು ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಉತ್ತರ ಒಂದೇ: ಟಾಯ್ಲೆಟ್. ಅಪ್ಪನಿಗೆ ಶುಗರ್ ಇದೆ, ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕು. ಅಮ್ಮ ಪ್ರಯಾಣ ಅಂದ್ರೆ ಬೆಳಗ್ಗೆಯಿಂದ ನೀರೇ ಮುಟ್ಟಲ್ಲ. ಕಳೆದ ವರ್ಷದಿಂದ ಅಪ್ಪ ‘ನೀವ್ ಹೋಗ್ಬನ್ನಿ, ನಾನ್ ಮನೆ ನೋಡ್ಕತೀನಿ’ ಅನ್ನೋಕೆ ಶುರು ಮಾಡಿದ್ದಾರೆ. ಮೊಮ್ಮಗಳ ಜೊತೆ ತಿರುಗಾಡೋ ವಯಸ್ಸಲ್ಲಿ ಅವರು ಮನೆಯಲ್ಲಿ ಕೂರೋದು ನನಗೆ ಇಷ್ಟವಿಲ್ಲ. ಹಾಗಾಗಿ ಇದು ಬರೀ ಶೋಕಿ ಅಂತ ತಳ್ಳಿಹಾಕೋ ವಿಷಯ ಅಲ್ಲ.

ಈಗ ಲೆಕ್ಕ

ಇವು ನನ್ನ ಅಂದಾಜಿನ ಅಂಕಿಗಳು, ನಿಮ್ಮದನ್ನ ನೀವು ಹಾಕಿಕೊಳ್ಳಿ. ವ್ಯಾನ್ ಬೆಲೆ 25 ಲಕ್ಷ ಅಂದುಕೊಳ್ಳೋಣ. 5 ಲಕ್ಷ ಕೈಯಿಂದ, 20 ಲಕ್ಷ ಸಾಲ. ಶೇ. 10 ಬಡ್ಡಿ, 7 ವರ್ಷ ಅಂದ್ರೆ ತಿಂಗಳಿಗೆ ಸುಮಾರು 33,200 ರೂಪಾಯಿ ಇಎಂಐ. ಕೊನೆಗೆ ಕಟ್ಟಿರೋದು ಒಟ್ಟು ಸುಮಾರು 33 ಲಕ್ಷ. ಏಳು ವರ್ಷ ಆದ್ಮೇಲೆ ಅರ್ಧ ಬೆಲೆಗೆ, 12.5 ಲಕ್ಷಕ್ಕೆ ಮಾರಿದ್ರೂ 20 ಲಕ್ಷಕ್ಕೂ ಹೆಚ್ಚು ಕೈಬಿಟ್ಟಿರುತ್ತೆ. ಇನ್ಶೂರೆನ್ಸ್, ಸರ್ವಿಸ್, ಟೈರು ಅಂತ ವರ್ಷಕ್ಕೆ 75,000 ಸೇರಿಸಿ. ವರ್ಷಕ್ಕೆ ಹತ್ತಿರ ಹತ್ತಿರ 3.65 ಲಕ್ಷ. ಗಾಡಿ ಶೆಡ್‌ನಲ್ಲೇ ನಿಂತಿದ್ರೂ ಇಷ್ಟು.

ಇದರ ಬದಲು ಡ್ರೈವರ್ ಸಮೇತ ದೊಡ್ಡ ಗಾಡಿ ಬಾಡಿಗೆಗೆ ತಗೊಂಡು, ಎರಡು ರೂಮ್ ಮಾಡಿದ್ರೆ ದಿನಕ್ಕೆ 12,000 ಅಂತಿಟ್ಟುಕೊಳ್ಳಿ. ಸ್ವಂತ ವ್ಯಾನ್‌ಗೂ ಡೀಸೆಲ್, ನಿಲ್ಲಿಸೋ ಜಾಗದ ಬಾಡಿಗೆ ಅಂತ 3,000 ಬೇಕು. ಉಳಿಯೋದು ರಾತ್ರಿಗೆ 9,000. ಅಂದ್ರೆ ವರ್ಷಕ್ಕೆ 40 ರಾತ್ರಿ ವ್ಯಾನಲ್ಲಿ ಮಲಗಿದ್ರೆ ಮಾತ್ರ ಲೆಕ್ಕ ಸರಿಹೋಗುತ್ತೆ. ಮಗುವಿನ ಸ್ಕೂಲು, ಆನ್‌ಕಾಲ್ ಡ್ಯೂಟಿ, ಮದುವೆ ಮುಂಜಿ ಎಲ್ಲ ಕಳೆದು ನಮಗೆ ಸಿಗೋದು ಜಾಸ್ತಿ ಅಂದ್ರೆ 15 ರಾತ್ರಿ.

ನಮ್ಮ ಕಡೆ ರಸ್ತೆಯಲ್ಲಿ

ನಮ್ಮ ಬಹುಪಾಲು ಪ್ರಯಾಣ ಮಂಡ್ಯ ಜಿಲ್ಲೆಯೊಳಗೇ. ನಾಗಮಂಗಲದಲ್ಲಿ ಸೌಮ್ಯಕೇಶವ, ಕಂಬದಹಳ್ಳಿ ಬಸದಿ. ಕೆ.ಆರ್. ಪೇಟೆ ಕಡೆ ಹೊಸಹೊಳಲು, ಕಿಕ್ಕೇರಿಯ ಹೊಯ್ಸಳ ದೇವಸ್ಥಾನಗಳು. ಪಾಂಡವಪುರ ತಾಲ್ಲೂಕಲ್ಲಿ ಮೇಲುಕೋಟೆ, ತೊಣ್ಣೂರು ಕೆರೆ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ, ನಿಮಿಷಾಂಬ, ರಂಗನತಿಟ್ಟು. ಸುತ್ತೋಕೆ ಸೊಗಸಾದ ದಾರಿ. ಆದ್ರೆ ಒಂದು ಊರಿಂದ ಇನ್ನೊಂದು ಊರಿಗೆ ಗಂಟೆ, ಒಂದೂವರೆ ಗಂಟೆ. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆ ಆದ್ಮೇಲಂತೂ ಶ್ರೀರಂಗಪಟ್ಟಣ ನೋಡಿ ಸಂಜೆಗೆ ಬೆಂಗಳೂರು ಸೇರಬಹುದು. ದಾರಿಯಲ್ಲಿ ಮಲಗೋ ಅಗತ್ಯವೇ ಬರಲ್ಲ.

ಹೆದ್ದಾರಿ ಬಿಟ್ಟು ಒಳಗೆ ಹೋದ್ರೆ ಇನ್ನೊಂದು ಕಥೆ. ಕಬ್ಬು ಅರೆಯೋ ಕಾಲದಲ್ಲಿ ಎರಡೆರಡು ಟ್ರೈಲರ್ ಎಳ್ಕೊಂಡು ಬರೋ ಟ್ರ್ಯಾಕ್ಟರ್ ಎದುರಾದ್ರೆ ಆರು ಮೀಟರ್ ಉದ್ದದ ವ್ಯಾನನ್ನ ಹಿಂದಕ್ಕೆ ತೆಗೆದು ನೋಡಿ, ಗೊತ್ತಾಗುತ್ತೆ. ಮೇಲುಕೋಟೆ ಬೀದಿಗಳಲ್ಲಿ ಕಾರು ತಿರುಗಿಸೋದೇ ಸಾಹಸ. ರಾತ್ರಿ ನಿಲ್ಲಿಸೋಕೆ ನೀರು, ಕರೆಂಟು, ಕಾವಲು ಮೂರೂ ಇರೋ ಜಾಗ ಬೇಕು. ಕೆರೆ ಏರಿ, ದೇವಸ್ಥಾನದ ಮುಂದಿನ ಬಯಲು ಅದಕ್ಕಲ್ಲ.

ವಿಡಿಯೋಗಳಲ್ಲಿ ತೋರಿಸದ ವಿಷಯ ಇನ್ನೊಂದಿದೆ: ಟಾಯ್ಲೆಟ್ ಟ್ಯಾಂಕು ತುಂಬಿದಾಗ ಎಲ್ಲಿ ಖಾಲಿ ಮಾಡ್ತೀರಿ? ವಿ.ಸಿ. ನಾಲೆಗೆ ಬಿಡೋಕಾಗುತ್ತಾ? ಅದೇ ನೀರಲ್ಲಿ ಕೆಳಗಿನವರು ಗದ್ದೆ ಮಾಡ್ತಾರೆ, ದನ ಮೈ ತೊಳೀತಾರೆ. ಗುಂಡಿ ಇರೋ ಟಾಯ್ಲೆಟ್ಟೋ, ಒಳಚರಂಡಿ ಸಂಪರ್ಕವೋ ಹುಡುಕಲೇಬೇಕು.

ಇನ್ನು ನೆಂಟರು. ಪಾಂಡವಪುರದ ಚಿಕ್ಕಪ್ಪನಿಗೆ ವಿಷಯ ಹೇಳಿದ್ರೆ, ‘ಅಲ್ಲಾ ಕಣ್ಲಾ, ನಮ್ಮನೆ ಮುಂದ್ಗಡೆ ಗಾಡಿ ನಿಲ್ಸ್‌ಕೊಂಡು ಅದ್ರೊಳ್ಗೆ ಮಲಿಕಂಡ್ರೆ ಊರೋರು ನಮ್ಗೇನಂದಾರು?’ ಅಂದ್ರು. ಅವರ ಮಾತಲ್ಲಿ ನ್ಯಾಯ ಇದೆ. ಪ್ರತಿ ಹತ್ತು ಮೈಲಿಗೆ ಒಂದು ನೆಂಟರ ಮನೆ ಇರೋ ಕಡೆ ಹಾಸಿಗೆಯನ್ನ ಜೊತೆಗೆ ಹೊತ್ಕೊಂಡು ತಿರುಗೋಕೆ 25 ಲಕ್ಷ ಯಾಕೆ?

ಕಾನೂನಿನ ಎರಡು ಮಾತು

ಹಳೇ ಟೆಂಪೋ ಟ್ರಾವೆಲರ್ ತಗೊಂಡು ಗ್ಯಾರೇಜಲ್ಲಿ ಮಂಚ, ಸಿಂಕು ಕೂರಿಸೋಣ ಅನ್ನೋರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಗಾಡಿಯ ಮೂಲ ವಿನ್ಯಾಸವನ್ನ ಮನಬಂದಂತೆ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮಾಡಿಸೋದಿದ್ರೆ ಮೊದಲು ಆರ್‌ಟಿಒ ಕೇಳಿ, ಆಮೇಲೆ ಗ್ಯಾರೇಜ್. ‘ಖಾಲಿ ಇದ್ದಾಗ ಬಾಡಿಗೆಗೆ ಬಿಟ್ಟು ಇಎಂಐ ಕಟ್ತೀನಿ’ ಅನ್ನೋದೂ ಸುಲಭ ಅಲ್ಲ. ಬಿಳಿ ಬೋರ್ಡ್ ಗಾಡಿಯನ್ನ ಬಾಡಿಗೆಗೆ ಓಡಿಸೋ ಹಾಗಿಲ್ಲ.

ಹಾಗಾದ್ರೆ ಯಾರಿಗೆ ಸರಿ?

ಪೂರ್ತಿ ವರ್ಕ್ ಫ್ರಮ್ ಹೋಮ್ ಇದ್ದು, ತಿಂಗಳುಗಟ್ಟಲೆ ಊರೂರು ಸುತ್ತೋರಿಗೆ, ನಿವೃತ್ತಿ ಆದೋರಿಗೆ, ನಿಲ್ಲಿಸೋಕೆ ಸ್ವಂತ ಜಾಗ ಇರೋರಿಗೆ ಸರಿಹೋಗಬಹುದು. ಉಳಿದೋರಿಗೆ ನಮ್ಮ ರೈತರ ದಾರಿಯೇ ದಾರಿ. ಎರಡು ಎಕರೆ ಗದ್ದೆ ಇರೋನು ಭತ್ತ ಕೊಯ್ಯೋ ಮೆಷಿನ್ ಕೊಳ್ಳಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೀತಾನೆ. ಕ್ಯಾಂಪರ್‌ವ್ಯಾನ್ ಕೂಡ ಈಗ ಬೆಂಗಳೂರಲ್ಲಿ ಬಾಡಿಗೆಗೆ ಸಿಗುತ್ತೆ. ಮೂರು ದಿನ ತಗೊಳ್ಳಿ, ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗಿ. ಮೆಟ್ಟಿಲು ಹತ್ತೋಕೆ ಅವರ ಮಂಡಿ ಒಪ್ಪುತ್ತಾ, ಆ ಇಕ್ಕಟ್ಟಿನ ಟಾಯ್ಲೆಟ್ಟಲ್ಲಿ ಕೂತು ಏಳೋಕಾಗುತ್ತಾ, ರಾತ್ರಿ ನಿದ್ದೆ ಬರುತ್ತಾ, ನೋಡಿ. ಟ್ಯಾಂಕ್ ಖಾಲಿ ಮಾಡೋ ಕೆಲಸ ಮಾತ್ರ ನೀವೇ ಮಾಡಿ.

ನಮ್ಮ ಮನೆಯ ತೀರ್ಮಾನ ಇಷ್ಟು: ವ್ಯಾನ್ ಕೊಳ್ಳಲ್ಲ. ಇರೋ ಕಾರಿಗೇ ಒಂದು ಮಡಚೋ ಪೋರ್ಟಬಲ್ ಟಾಯ್ಲೆಟ್, ಅದರ ಸುತ್ತ ಮರೆಗೆ ಒಂದು ಚಿಕ್ಕ ಟೆಂಟ್. ಇಎಂಐನ ಒಂದು ತಿಂಗಳ ಕಂತಿಗಿಂತ ತುಂಬಾ ಕಡಿಮೆ ಖರ್ಚು. ಅಮ್ಮನಿಗೆ ವಿಷಯ ಹೇಳಿದ್ದಕ್ಕೆ ‘ಹಂಗಾದ್ರೆ ಕಾಫಿ ಕುಡ್ಕಂಡೇ ಹೊರಡಬೋದು’ ಅಂದ್ರು. ಅಪ್ಪ ಇನ್ನೂ ಹೂಂ ಅಂದಿಲ್ಲ. ಮುಂದಿನ ತಿಂಗಳು ಹೊಸಹೊಳಲಿಗೆ ಹೊರಟಾಗ ನೋಡಬೇಕು.