ಮೀನಿನ ತೊಟ್ಟಿಗೆ ಹಾಕೋ ಮಣ್ಣನ್ನೂ ದುಡ್ಡು ಕೊಟ್ಟು ತರಬೇಕಾ?

ಈಗ ನಮ್ಮ ಸುತ್ತಮುತ್ತಲ ಊರುಗಳಲ್ಲೂ ಮನೆಯೊಳಗೆ ಗಾಜಿನ ಮೀನಿನ ತೊಟ್ಟಿ ಇಡೋದು ಜಾಸ್ತಿ ಆಗಿದೆ. ಬರೀ ಮೀನಲ್ಲ, ನೀರೊಳಗೇ ಗಿಡ ಬೆಳೆಸ್ತಾರೆ. ತಪ್ಪೇನಿಲ್ಲ, ಕಣ್ಣಿಗೆ ತಂಪು. ನನ್ನ ತಕರಾರು ಒಂದೇ, ತಳಕ್ಕೆ ಹಾಕೋ ಮಣ್ಣಿಗೆ ಮಕ್ಕಳು ಸಾವಿರಗಟ್ಟಲೆ ಸುರೀತಿದ್ದಾರೆ. ನನ್ನ ಮಗಳು ತಂದ ಚೀಲ ಬಿಚ್ಚಿ ನೋಡಿದೆ. ಮಣ್ಣನ್ನ ಸಣ್ಣ ಗುಂಡು ಮಾಡಿ ಒಣಗಿಸಿ ಸುಟ್ಟಿದ್ದಾರೆ, ಬೆರಳಲ್ಲಿ ಒತ್ತಿದ್ರೆ ಪುಡಿ. ಮಣ್ಣು ಒಳ್ಳೇದೇ, ಸುಳ್ಳು ಹೇಳಲ್ಲ. ನೀರಿನ ಗಡಸುತನ ಇಳಿಸತ್ತೆ. ಆದ್ರೆ ನಮ್ಮ ಬೋರ್‌ವೆಲ್ ನೀರಿಗೆ ಆ ಗುಣ ಬೇಗ ತೀರಿಹೋಗತ್ತೆ, ಆಮೇಲೆ ಅದೂ ಬರೀ ಮಣ್ಣೇ.

ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅನ್ನೋರು 1999ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಅವರ ಲೆಕ್ಕ ಇಷ್ಟೆ: ಕೆಳಗೆ ಒಂದಿಂಚು ಸಾದಾ ಮಣ್ಣು, ಮೇಲೆ ಒಂದಿಂಚು ಮರಳು. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ ಐದು ಲೀಟರ್ ಮಣ್ಣೂ ಬೇಡ. ಅರ್ಧ ಬಕೆಟ್!

ಭತ್ತ ಬೆಳೆದವರಿಗೆ ಇದನ್ನ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನೀರು ನಿಂತ ಮಣ್ಣಲ್ಲಿ ಗಾಳಿ ಇರಲ್ಲ. ಆಗ ಮಣ್ಣಿನ ಕಬ್ಬಿಣ ಕರಗಿ ಬೇರಿಗೆ ಸಿಗತ್ತೆ. ಭತ್ತದ ಬೇರು ಕಿತ್ತು ನೋಡಿ, ತುಕ್ಕಿನ ಬಣ್ಣ ಹಿಡಿದಿರತ್ತೆ. ಬೇರು ತಾನೇ ಗಾಳಿ ಬಿಟ್ಟು ಆ ಕಬ್ಬಿಣಾನ ತುಕ್ಕು ಮಾಡಿರತ್ತೆ. ಕೊಳೆಯದ ಹಸಿ ಗೊಬ್ಬರ ಜಾಸ್ತಿಯಾದ್ರೆ ಮಾತ್ರ ಕೆಸರು ಕೊಳೆತ ಮೊಟ್ಟೆ ವಾಸನೆ ಹೊಡೆದು ಬೇರು ಕಪ್ಪಾಗತ್ತೆ. ತೊಟ್ಟಿಯೊಳಗೂ ನಡೆಯೋದು ಇದೇ.

ಅದಕ್ಕೇ ಹೇಳ್ತೀನಿ, ಹೊಲದ ಮಣ್ಣು ಅಂತ ಕಣ್ಣುಮುಚ್ಚಿ ಬಾಚಬೇಡಿ. ಪಕ್ಕದೂರಿನ ಹುಡುಗನೊಬ್ಬ ಎರೆಹುಳು ಗೊಬ್ಬರ ಹಾಕಿ ಅವತ್ತೇ ಮೀನು ಬಿಟ್ಟ. ಮೂರನೇ ದಿನಕ್ಕೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದ್ವು. ಗೊಬ್ಬರದಿಂದ ಬಿಟ್ಟ ಅಮೋನಿಯಾ ಮೀನಿನ ಕಿವಿರು ಸುಡತ್ತೆ. ಯೂರಿಯಾ, ಡಿಎಪಿ, ಕಳೆನಾಶಕ ಕಂಡ ಜಾಗದ ಮಣ್ಣು ಬೇಡವೇ ಬೇಡ. ಎರೆಭೂಮಿಯವರು ಬೇಜಾರ್ ಮಾಡ್ಕೋಬೇಡಿ, ನಿಮ್ಮ ಕಪ್ಪು ಮಣ್ಣು ಹತ್ತಿಗೆ ಬಂಗಾರ, ಗಾಜಿನ ತೊಟ್ಟಿಗಲ್ಲ. ಸುಣ್ಣಕಲ್ಲು ಇರತ್ತೆ, ಒಮ್ಮೆ ಕದಡಿದ್ರೆ ನೀರು ತಿಳಿಯಾಗೋದೇ ಇಲ್ಲ. ಗೊಬ್ಬರ ಬೀಳದ ಬದುವಿನ ಕೆಮ್ಮಣ್ಣು ಸಾಕು. ನೀರಲ್ಲಿ ಕಲಸಿ, ತೇಲೋ ಕಸಕಡ್ಡಿ ಬಸಿದು, ಬಿಸಿಲಲ್ಲಿ ಒಣಗಿಸಿ. ಮೂರ್ನಾಲ್ಕು ಸಲ ಹೀಗೇ ಮಾಡಿ ಜರಡಿ ಹಿಡೀರಿ.

ಮೇಲಿನ ಮರಳು ಒಂದೆರಡು ಮಿಲಿಮೀಟರ್ ದಪ್ಪ ಇರಲಿ, ತೀರಾ ನುಣ್ಣಗಿದ್ರೆ ಬಿಗಿದುಕೊಳ್ಳತ್ತೆ. ಎಂ-ಸ್ಯಾಂಡ್ ಬೇಡ, ಅದರ ಚೂಪು ಅಂಚಿಗೆ ತಳ ಕೆದಕೋ ಮೀನಿನ ಮೀಸೆ ಸವೆಯತ್ತೆ. ಮರಳಿಗೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದ್ರೆ ಸುಣ್ಣ ಇದೆ ಅಂತ, ಅದನ್ನ ಬಿಡಿ.

ಮೊದಲ ದಿನವೇ ಗಿಡ ಒತ್ತಾಗಿ ನಾಟಿ ಮಾಡಿ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ. ಮೀನು ಬಿಡೋಕೆ ಒಂದು ತಿಂಗಳಾದ್ರೂ ತಡೀರಿ, ಅಂಗಡೀಲಿ ಅಮೋನಿಯಾ ಪರೀಕ್ಷೆ ಕಿಟ್ ಸಿಗತ್ತೆ, ನೋಡಿಯೇ ಬಿಡಿ. ಅನುಬಿಯಾಸ್, ಜಾವಾ ಫರ್ನ್ ಥರದ ಗಿಡಕ್ಕಂತೂ ಮಣ್ಣೇ ಬೇಡ, ಕಲ್ಲಿಗೆ ದಾರದಲ್ಲಿ ಕಟ್ಟಿದ್ರೆ ಬದುಕತ್ತೆ.

ನಮ್ಮ ತೋಟದ ಬೇಲಿ ಪಕ್ಕ ಗೊಬ್ಬರ ಕಾಣದ ಕೆಮ್ಮಣ್ಣಿನ ದಿಬ್ಬ ಇದೆ. ಬೇಕಾದವರು ಒಂದು ಬುಟ್ಟಿ ತಗೊಂಡು ಬನ್ನಿ, ದುಡ್ಡು ಬೇಡ. ತೊಟ್ಟಿ ಗಿಡ ಕತ್ತರಿಸಿದಾಗ ಆ ಚೂರನ್ನ ಮಾತ್ರ ಕೆರೆಗೆ ಎಸೀಬೇಡಿ, ತಿಪ್ಪೆಗೆ ಹಾಕಿ.