ಎದೆಯಲ್ಲಿ ನೀರು ಮತ್ತೆ ತುಂಬಿದಾಗ



ಕಳೆದ ಸಂಚಿಕೆಯಲ್ಲಿ ಅರಳು ಸಂಡಿಗೆಯ ವಿಷಯ ಬರೆದಿದ್ದೆ. ಈ ಸಲದ್ದು ಬಾಯಿಗೆ ರುಚಿಸುವ ಮಾತಲ್ಲ. ಆದರೂ ಪುಟ ಮಗುಚಬೇಡಿ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದರೆ ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರು, ರಾತ್ರಿ ಎದ್ದು ದಿಂಬು ಜೋಡಿಸುವವರು ನಾವು ಹೆಂಗಸರೇ ತಾನೇ?

ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ ಎಲ್ಲ ಮುಗಿದು ಮೂರು ವರ್ಷ ಚೆನ್ನಾಗಿಯೇ ಇದ್ದಳು. ೨೦೨೨ರ ದೀಪಾವಳಿ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ವಯಸ್ಸಾಯ್ತು ಕಣೇ" ಅಂದಳು. ಆಮೇಲಾಮೇಲೆ ಮಲಗಿದರೆ ಕೆಮ್ಮು, ಕೂತರೆ ವಾಸಿ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಹಾಗಾಯಿತು. ಎಕ್ಸ್‌ರೇ ತೆಗೆಸಿದರೆ ಬಲಗಡೆ ಎದೆ ಅರ್ಧಕ್ಕರ್ಧ ಬೆಳ್ಳಗೆ. "ಶ್ವಾಸಕೋಶದ ಸುತ್ತ ನೀರು ತುಂಬಿದೆ" ಅಂದರು ಡಾಕ್ಟರು.

ಇದು ಎಂಥ ನೀರು?

ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಮೈಗೊಂದು ತೆಳ್ಳನೆಯ ಪೊರೆ ಇರುತ್ತೆ. ಎರಡೂ ಪೊರೆಗಳ ನಡುವೆ ನಮಗೆಲ್ಲರಿಗೂ ಒಂದೆರಡು ಚಮಚದಷ್ಟು ದ್ರವ ಇರುವುದೇ. ಉಸಿರಾಡುವಾಗ ಪೊರೆಗಳು ಉಜ್ಜದೆ ಜಾರಲಿ ಅಂತ ದೇವರು ಇಟ್ಟ ಎಣ್ಣೆ ಅನ್ನಿ. ಕ್ಯಾನ್ಸರ್ ಈ ಪೊರೆಗೆ ತಗುಲಿದರೆ ದ್ರವ ಒಸರುವುದು ಹೆಚ್ಚುತ್ತೆ, ಅದು ಹೀರಿಹೋಗುವ ದಾರಿ ಕಟ್ಟಿಕೊಳ್ಳುತ್ತೆ. ಲೀಟರುಗಟ್ಟಲೆ ಸೇರಿಕೊಂಡಾಗ ಶ್ವಾಸಕೋಶ ಅದರಡಿ ಅಮುಕಿಹೋಗುತ್ತೆ. ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರಿನಲ್ಲಿ ಇದು ಹೆಚ್ಚು. ಅಂಡಾಶಯದ ಕ್ಯಾನ್ಸರಿನಲ್ಲೂ ಉಂಟು.

ನಮ್ಮ ದೊಡ್ಡಮ್ಮ "ನೀರು ಕುಡಿದೇ ನೀರು ತುಂಬಿತು" ಅಂತ ಅಕ್ಕನ ಚೊಂಬು ಎತ್ತಿಟ್ಟುಬಿಟ್ಟಿದ್ದರು! ಕುಡಿಯುವ ನೀರಿಗೂ ಇದಕ್ಕೂ ಸಂಬಂಧವಿಲ್ಲ. "ಸೂಜಿ ಹಾಕಿ ತೆಗೆಸಿದರೆ ಇನ್ನೂ ಹೆಚ್ಚಾಗುತ್ತೆ" ಅನ್ನುವವರೂ ಇದ್ದಾರೆ. ಮತ್ತೆ ತುಂಬುವುದು ರೋಗದಿಂದ, ಸೂಜಿಯಿಂದಲ್ಲ.

ಮೊದಲ ದಾರಿ: ಸೂಜಿ

ಅಕ್ಕನನ್ನು ಮೇಜಿನ ಮೇಲೆ ದಿಂಬಿಟ್ಟು ಮುಂದಕ್ಕೆ ಬಗ್ಗಿಸಿ ಕೂರಿಸಿದರು. ಸ್ಕ್ಯಾನ್ ಯಂತ್ರದಲ್ಲಿ ನೀರಿನ ಜಾಗ ನೋಡಿ, ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬುಗಳ ನಡುವೆ ಸೂಜಿ ಹಾಕಿದರು. ಹೊಂಬಣ್ಣದ ನೀರು ಇಳಿಯಿತು. ಕೆಲವರಿಗೆ ರಕ್ತ ಬೆರೆತಂತೆಯೂ ಬರುತ್ತೆ, ಹೌಹಾರಬೇಡಿ. ಸ್ವಲ್ಪ ನೀರನ್ನು ಪರೀಕ್ಷೆಗೂ ಕಳಿಸುತ್ತಾರೆ. ಒಂದೂವರೆ ಲೀಟರಾಗುವಷ್ಟರಲ್ಲಿ ನಿಲ್ಲಿಸಿದರು. "ಪೂರ್ತಿ ತೆಗೆಯಬಾರದೇ?" ಅಂತ ಕೇಳಿದೆ. ಬಹಳ ದಿನ ಮುದುಡಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಒಸರುವ ಅಪಾಯವಿದೆಯಂತೆ. ನೀರು ತೆಗೆಯುವಾಗ ಕೆಮ್ಮು ಒತ್ತರಿಸಿ ಬಂದರೆ, ಎದೆ ಬಿಗಿದರೆ ಕೂಡಲೇ ಹೇಳಬೇಕು.

ಆ ರಾತ್ರಿ ಅಕ್ಕ ಕಾಲು ಚಾಚಿ ಮಲಗಿದಳು. ನಾವೆಲ್ಲ ಗೆದ್ದೆವು ಅಂದುಕೊಂಡೆವು.

ಮೂರು ವಾರಕ್ಕೆ ಮತ್ತೆ ಅದೇ ಏದುಸಿರು. ಮತ್ತೆ ಬಸ್ಸು, ಮತ್ತೆ ಚೀಟಿ, ಮತ್ತೆ ಸೂಜಿ. ೨೦೨೩ರ ಯುಗಾದಿಯೊಳಗೆ ಐದು ಸಲ. ಆರನೆಯ ಸಲ ಅಕ್ಕನೇ ಕೇಳಿದಳು: "ಡಾಕ್ಟ್ರೇ, ಇದಕ್ಕೆ ಬೇರೆ ದಾರಿಯೇ ಇಲ್ವೇ?" ಅವರು ತಲೆಯೆತ್ತಿ ನೋಡಿ, "ಇದೆಯಲ್ಲಮ್ಮಾ, ಎರಡಿದೆ" ಅಂದರು! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಐದು ಸಲ ಓಡಾಡಿದಾಗ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

ಎರಡನೆಯ ದಾರಿ: ಪೊರೆಗಳನ್ನು ಅಂಟಿಸುವುದು

ಪಕ್ಕೆಯಲ್ಲಿ ಕೊಳವೆ ಹಾಕಿ, ಅದರ ತುದಿಯನ್ನು ನೀರಿರುವ ಬಾಟಲಿಯಲ್ಲಿ ಮುಳುಗಿಸಿಡುತ್ತಾರೆ. ಒಳಗಿನದು ಹೊರಗೆ ಬರುತ್ತೆ, ಹೊರಗಿನ ಗಾಳಿ ಒಳಗೆ ಹೋಗಲಾರದು. ಈ ಉಪಾಯವನ್ನು ಜರ್ಮನಿಯ ವೈದ್ಯ ಬ್ಯೂಲಾವ್ ೧೮೯೧ರಲ್ಲೇ ಬರೆದು ಪ್ರಕಟಿಸಿದ್ದ. ನೀರೆಲ್ಲ ಇಳಿದು ಶ್ವಾಸಕೋಶ ಅರಳಿ ಗೋಡೆಗೆ ತಾಗಿದ ಮೇಲೆ, ಅದೇ ಕೊಳವೆಯಿಂದ ಕ್ರಿಮಿರಹಿತ ಟಾಲ್ಕ್ ಪುಡಿಯನ್ನು ದ್ರವದಲ್ಲಿ ಕಲಸಿ ಬಿಡುತ್ತಾರೆ. ಹೌದು, ನಮ್ಮ ಮುಖದ ಪೌಡರಿನ ಜಾತಿಯದೇ! ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ೧೯೩೫ರಲ್ಲಿ ಎದೆಗೆ ಇದನ್ನು ಬಳಸಿದ. ನಮ್ಮಲ್ಲಿ ಅಗ್ಗವೆಂದು ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನನ್ನೂ ಬಳಸುವುದುಂಟು. ಪೊರೆಗಳು ಕೆರಳಿ ಒಂದಕ್ಕೊಂದು ಅಂಟಿಕೊಂಡರೆ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಒಂದೆರಡು ದಿನ ನೋವು, ಜ್ವರ ಬರಬಹುದು. ಕೆಲವು ದಿನ ಆಸ್ಪತ್ರೆಯಲ್ಲಿರಬೇಕು. ಶ್ವಾಸಕೋಶ ಪೂರ್ತಿ ಅರಳದವರಿಗೆ ಇದು ಫಲಿಸದು.

ಬಾಟಲಿ ಇರುವಷ್ಟು ದಿನ ಪಕ್ಕದಲ್ಲಿ ಕೂತವರು ನೆನಪಿಡಬೇಕಾದ್ದು ಇಷ್ಟೇ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು, ನಡೆಯುವಾಗಲೂ. ಮಂಚದ ಮೇಲೆ ಎತ್ತಿಡಬೇಡಿ. ಕೊಳವೆ ಮಡಿಸಿಕೊಳ್ಳದಂತೆ, ಮೈಯಡಿ ಸಿಕ್ಕದಂತೆ ನೋಡಿ. ಉಸಿರಿನೊಂದಿಗೆ ಕೊಳವೆಯ ನೀರು ಮೇಲೆ ಕೆಳಗೆ ಆಡುವುದು ಸಹಜ.

ಮೂರನೆಯ ದಾರಿ: ಮನೆಗೇ ತರುವ ಕೊಳವೆ

ಮೆತ್ತನೆಯ ಸಿಲಿಕೋನ್ ಕೊಳವೆಯನ್ನು ಚರ್ಮದಡಿ ಸ್ವಲ್ಪ ದೂರ ಹಾಯಿಸಿ ಎದೆಯೊಳಗೆ ಬಿಡುತ್ತಾರೆ. ಹೊರಗೆ ಉಳಿಯುವುದು ಗೇಣುದ್ದ, ತುದಿಗೆ ಒಂದು ಮುಚ್ಚಳ. ಹೆಚ್ಚಿನವರು ಅದೇ ದಿನವೇ ಮನೆಗೆ ಬರಬಹುದು. ಡಾಕ್ಟರು ಹೇಳಿದ ದಿನಗಳಂದು ಮನೆಯವರೇ ಬಾಟಲಿ ಜೋಡಿಸಿ ನೀರು ಇಳಿಸುತ್ತಾರೆ. ಕೆಲವರಿಗೆ ಹೀಗೆ ಇಳಿಸುತ್ತಾ ಇಳಿಸುತ್ತಾ ಪೊರೆಗಳು ತಾವೇ ಅಂಟಿಕೊಂಡು ಕೊಳವೆ ತೆಗೆಯುವಂತಾಗುವುದೂ ಉಂಟು. ಆದರೆ ಕೊಳವೆಯೂ, ಪ್ರತಿ ಸಲದ ಬಾಟಲಿಯೂ ದುಬಾರಿ. ಮೊದಲೇ ಲೆಕ್ಕ ಕೇಳಿಕೊಳ್ಳಿ.

ಯಾವುದು ಮೇಲು? ೨೦೧೨ರಲ್ಲಿ ಬ್ರಿಟನ್ನಿನ ವೈದ್ಯರು ೧೦೬ ರೋಗಿಗಳಲ್ಲಿ ಟಾಲ್ಕನ್ನೂ ಮನೆಕೊಳವೆಯನ್ನೂ ಹೋಲಿಸಿ ನೋಡಿದರು. ಉಸಿರಿನ ಕಷ್ಟ ಇಳಿದದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೊಳವೆಯವರು ಆಸ್ಪತ್ರೆಯಲ್ಲಿದ್ದ ದಿನ ಕಡಿಮೆ, ಆದರೆ ತೊಡಕುಗಳು ಅವರಲ್ಲೇ ಹೆಚ್ಚು. ಹಾಗಾದರೆ ಆರಿಸಬೇಕಾದವರು ಯಾರು? ರೋಗಿಯೇ. ಭಾವನೂ ಮಕ್ಕಳೂ ಟಾಲ್ಕ್ ಅಂದರು. ಅಕ್ಕ, "ನನಗೆ ಇನ್ನು ಆಸ್ಪತ್ರೆಯ ಮಂಚ ಬೇಡ, ನನ್ನ ಮನೆ ಸಾಕು" ಅಂದಳು. ಕೊಳವೆ ಹಾಕಿಸಿದೆವು.

ಮನೆಯಲ್ಲಿ ನಾವು ಮಾಡಿದ್ದು

ನರ್ಸಮ್ಮ ಎರಡು ಸಲ ಮಾಡಿ ತೋರಿಸಿ, ಮೂರನೆಯ ಸಲ ನನ್ನ ಕೈಲೇ ಮಾಡಿಸಿದರು. ಹೀಗೆ ಕಲಿಯದೆ ಕೈ ಹಚ್ಚಬೇಡಿ. ಉಗುರು ಕತ್ತರಿಸಿ, ಬಳೆ ತೆಗೆದು, ಸೋಪಿನಲ್ಲಿ ಕೈ ತೊಳೆದು, ಅವರು ಕೊಟ್ಟ ಗ್ಲೌಸು ಹಾಕಿಕೊಳ್ಳುತ್ತಿದ್ದೆ. ಒಂದು ಸಲಕ್ಕೆ ಒಂದು ಲೀಟರು ಮೀರಿಸುತ್ತಿರಲಿಲ್ಲ. ನೋವು ಅಥವಾ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸುವುದು. ತಾರೀಖು, ಎಷ್ಟು, ಯಾವ ಬಣ್ಣ, ಎಲ್ಲ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟೆ. ಡಾಕ್ಟರಿಗೆ ಅದರಿಂದ ಬಹಳ ಅನುಕೂಲವಾಯಿತು.

ಅಕ್ಕನ ರವಿಕೆಗಳನ್ನು ಸಡಿಲ ಮಾಡಿ ಮುಂದೆ ಗುಂಡಿ ಹೊಲಿದೆ. ಈ ನೀರಿನ ಜೊತೆ ಮೈಯ ಪ್ರೋಟೀನೂ ಹೋಗುತ್ತೆ. ಒಂದೇ ಸಲ ತಟ್ಟೆ ತುಂಬ ಬಡಿಸಿದರೆ ಊಟ ಸೇರದು. ಎರಡೆರಡು ಗಂಟೆಗೆ ಒಂದು ಬಟ್ಟಲು ಹೆಸರುಬೇಳೆ ತೊವ್ವೆ, ರಾಗಿ ಅಂಬಲಿಗೆ ಗಟ್ಟಿ ಮೊಸರು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ, ಹೀಗೆ ಕೊಡಿ. ಉಸಿರು ಕಟ್ಟಿದಂತಾದಾಗ ಮುಖಕ್ಕೆ ಮೆಲ್ಲಗೆ ಬೀಸಣಿಗೆಯಲ್ಲಿ ಗಾಳಿ ಹಾಕಿ. ಇದು ಬರೀ ಸಮಾಧಾನಕ್ಕಲ್ಲ, ಮುಖಕ್ಕೆ ತಾಗುವ ಗಾಳಿಯಿಂದ ಏದುಸಿರು ನಿಜವಾಗಿಯೂ ಇಳಿಯುತ್ತೆ ಅನ್ನುತ್ತಾರೆ ವೈದ್ಯರು.

ಜ್ವರ, ಕೊಳವೆಯ ಸುತ್ತ ಕೆಂಪು ಅಥವಾ ಕೀವು, ನೀರು ಮೋಡದಂತೆ ಕದಡಿ ಬಂದರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ ತಡಮಾಡಬೇಡಿ. ಕೊಳವೆಯೇ ಕಿತ್ತುಬಂದರೆ ಶುದ್ಧ ಗಾಜ್‌ ಬಟ್ಟೆ ಒತ್ತಿಹಿಡಿದು ಆಸ್ಪತ್ರೆಗೆ ಓಡಿ.

ಕೇಳಲೇಬೇಕಾದ ಮಾತುಗಳು

ಮೊದಲ ಸಲ ನೀರು ತೆಗೆದ ದಿನವೇ ಡಾಕ್ಟರನ್ನು ಕೇಳಿ: ಇದು ಮತ್ತೆ ತುಂಬಿದರೆ ಏನು ಮಾಡುತ್ತೀರಿ? ಶ್ವಾಸಕೋಶ ಪೂರ್ತಿ ಅರಳಿದೆಯೇ? ಟಾಲ್ಕ್ ಆಗುತ್ತೋ, ಕೊಳವೆ ಆಗುತ್ತೋ? ಖರ್ಚೆಷ್ಟು, ಸರಕಾರದ ಯೋಜನೆಯಲ್ಲಿ ಬರುತ್ತೋ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು? ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದ ಮೇಲೆ ನಮಗೆ ಎಲ್ಲ ಮರೆತೇಹೋಗುತ್ತೆ. ರೋಗಿಯನ್ನು ಹೊರಗೆ ಕೂರಿಸಿ ನಾವೇ ತೀರ್ಮಾನ ಮಾಡುವುದು ಬೇಡ.

ಒಂದು ಮಾತು ಮುಚ್ಚಿಡಬಾರದು. ನೀರು ತೆಗೆಯುವುದರಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ. ಉಸಿರು ಸರಾಗವಾಗುತ್ತೆ, ಅಷ್ಟೇ. ಆ "ಅಷ್ಟೇ" ಎಷ್ಟು ದೊಡ್ಡದು ಅಂತ ಕೂತು ನಿದ್ದೆ ಮಾಡಿದವರನ್ನು ಕೇಳಿ. ಕೊಳವೆ ಹಾಕಿದ ಮೇಲೆ ಅಕ್ಕ ಐದು ತಿಂಗಳು ಇದ್ದಳು. ಆ ಬೇಸಿಗೆಯಲ್ಲಿ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನ ಕೈಲಿ ಸಂಡಿಗೆ ಇಡಿಸಿದಳು, ಉಪ್ಪು ಹೆಚ್ಚಾಯ್ತೆಂದು ಬೈದಳು. ರಾತ್ರಿ ಮಲಗಿ ನಿದ್ದೆ ಮಾಡಿದಳು. ಮೊದಲೇ ಕೇಳಿದ್ದರೆ ಇನ್ನೂ ನಾಲ್ಕು ತಿಂಗಳು ಹೀಗೇ ಮಲಗುತ್ತಿದ್ದಳು ಅನ್ನುವುದೊಂದೇ ನನ್ನ ಕೊರಗು. ನಿಮಗೆ ಆ ಕೊರಗು ಬೇಡ, ಸೋದರಿ. ಕೇಳಿಬಿಡಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಕಷಾಯಗಳ ಮಾತಾಡೋಣ.