ಅಕ್ಕಿ ಹೆಚ್ಚಾಗಿದೆ!


2016ರಲ್ಲಿ ಸ್ಯಾಮ್‌ಸಂಗ್ ಕಂಪನಿ ‘ಫ್ಯಾಮಿಲಿ ಹಬ್’ ಎಂಬ ಫ್ರಿಜ್ ತಂದಿತು. ಬಾಗಿಲು ಮುಚ್ಚಿದಾಗಲೆಲ್ಲ ಒಳಗಿನ ಕ್ಯಾಮೆರಾ ಫೋಟೊ ತೆಗೆಯುತ್ತದೆ. ಪುಣೆಯ ಮಂಡಯಿಯಲ್ಲಿ ನಿಂತೇ, ಮನೆಯಲ್ಲಿ ಟೊಮೆಟೊ ಇದೆಯೋ ಇಲ್ಲವೋ ಎಂದು ಫೋನಿನಲ್ಲಿ ನೋಡಿಕೊಳ್ಳಬಹುದು. ಒಳ್ಳೆಯದೇ. ಆದರೆ ನಮ್ಮ ಮನೆಗಳ ಫ್ರಿಜ್ಜಿನ ತುಂಬ ಸ್ಟೀಲ್ ಡಬ್ಬಿಗಳು! ಒಳಗಿರುವುದು ಸಾರೋ ಪಲ್ಯವೋ, ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು? ಅಕ್ಕಿ, ಬೇಳೆ, ಜೋಳದ ಹಿಟ್ಟಂತೂ ಫ್ರಿಜ್ಜಿನ ಹೊರಗೇ. ಅವುಗಳ ಲೆಕ್ಕವೆಲ್ಲ ನಮ್ಮ ತಾಯಿಯ ತಲೆಯಲ್ಲಿತ್ತು. ಅಕ್ಕಿ ತೀರಿದರೆ ಅವರು ‘ಇಲ್ಲ’ ಎನ್ನುತ್ತಿರಲಿಲ್ಲ. ‘ಅಕ್ಕಿ ಹೆಚ್ಚಾಗಿದೆ’ ಎನ್ನುತ್ತಿದ್ದರು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಒಮ್ಮೆ ಅದನ್ನೇ ನಂಬಿ, ಅಕ್ಕಿ ತರದೆ ಬಂದಳು. ಅಂದು ರಾತ್ರಿ ಎಲ್ಲರಿಗೂ ರೊಟ್ಟಿಯೇ. ಮರುದಿನ ಅಜ್ಜಿಯ ಜತೆ ಕುಳಿತು ಒಂದೊಂದೇ ಡಬ್ಬಿ ತೆರೆಸಿ ನೋಡಿದಳು.